ಗೊತ್ತಿದ್ದೂ ಮಾಡುವುದಕ್ಕೆ ಗ್ರೀಕರಿಟ್ಟ ಹೆಸರು

ಮದುವೆ ಮನೆಯ ಎರಡನೇ ಪಂಕ್ತಿ. ಬಾಳೆಲೆಗೆ ಉಪ್ಪು, ಕೋಸಂಬರಿ, ಪಲ್ಯ ಬಂದಾಗಿದೆ. ಹೋಳಿಗೆಯ ತಟ್ಟೆ ಹಿಡಿದವರು ಸಾಲಿನ ಆ ತುದಿಯಲ್ಲಿ ಕಾಣಿಸುತ್ತಿದ್ದಂತೆ, ಅರವತ್ತರ ಆಸುಪಾಸಿನ ಯಜಮಾನರೊಬ್ಬರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯುತ್ತಾರೆ. ‘ಬೇಡಪ್ಪಾ, ನಂಗೆ ಶುಗರ್ರು.’ ‘ಒಂದೇ ಒಂದು ಹಾಕಿಸ್ಕೊಳ್ಳಿ ರಾಯರೇ, ಬಿಸಿ ಇದೆ.’ ಅಡ್ಡ ಹಿಡಿದ ಕೈ ಸ್ವಲ್ಪ ಸರಿಯುತ್ತದೆ. ‘ಸರಿ, ಅರ್ಧ ಹಾಕು.’ ಹೋಳಿಗೆಯನ್ನು ಅರ್ಧ ಮುರಿದು ಬಡಿಸಿದವರನ್ನು ಈವರೆಗೆ ಯಾರೂ ಕಂಡಿಲ್ಲ. ಇಡಿಯದೇ ಬೀಳುತ್ತದೆ, ಮೇಲೊಂದು ಮಿಳ್ಳೆ ತುಪ್ಪವೂ. ಎರಡನೆಯದು ಬಂದಾಗ ಕೈ ಅಡ್ಡ ಬರುವುದೇ ಇಲ್ಲ.

ರಾಯರಿಗೆ ತಿಳಿವಳಿಕೆ ಕಡಿಮೆ ಎನ್ನುವಂತಿಲ್ಲ. ಸಕ್ಕರೆ ಕಾಯಿಲೆಯ ಬಗ್ಗೆ ಪಕ್ಕದವರಿಗೆ ಅರ್ಧ ಗಂಟೆ ಉಪನ್ಯಾಸ ಕೊಡಬಲ್ಲರು. ಹೋಳಿಗೆ ತಿನ್ನುವುದೇ ಸರಿ ಎಂಬ ಸಿದ್ಧಾಂತವೂ ಅವರದಲ್ಲ. ಯಾರೂ ಬಲವಂತವಾಗಿ ಬಾಯಿಗೆ ತುರುಕಲಿಲ್ಲ. ತಿನ್ನಬಾರದು ಎಂದು ಬಲ್ಲವರು, ತಿನ್ನದಿರಲು ಸಾಧ್ಯವಿದ್ದವರು, ತಾವಾಗಿಯೇ ತಿಂದರು. ಇದು ಹೇಗೆ ಆಗುತ್ತದೆ?

ನೋಡಲು ಕ್ಷುಲ್ಲಕವಾದ ಈ ಪ್ರಶ್ನೆಯನ್ನು ಎರಡು ಸಾವಿರದ ನಾನೂರು ವರ್ಷಗಳಿಂದ ತತ್ವಶಾಸ್ತ್ರಜ್ಞರು ಬಿಟ್ಟಿಲ್ಲ. ಈಚಿನ ಐವತ್ತು ವರ್ಷಗಳಲ್ಲಿ ಮನಶ್ಶಾಸ್ತ್ರದವರೂ ಅರ್ಥಶಾಸ್ತ್ರದವರೂ ಸೇರಿಕೊಂಡಿದ್ದಾರೆ. ಅವರೆಲ್ಲರ ಬಾಯಲ್ಲಿ ಇದಕ್ಕಿರುವ ಹೆಸರು ಒಂದು ಹಳೆಯ ಗ್ರೀಕ್ ಪದ: ಅಕ್ರಸಿಯ.

ಡೆಮಾಕ್ರಸಿಯ ದಾಯಾದಿ

ಪದದ ಹುಟ್ಟು ಸರಳ. ಗ್ರೀಕಿನಲ್ಲಿ ‘ಕ್ರತೋಸ್’ ಎಂದರೆ ಬಲ, ಅಧಿಕಾರ, ಆಳುವ ಶಕ್ತಿ. ‘ದೇಮೋಸ್’ ಎಂಬ ಜನಸಮುದಾಯದ ಕೈಗೆ ಕ್ರತೋಸ್ ಬಂದರೆ ಡೆಮಾಕ್ರಸಿ. ನಮ್ಮ ‘ಅ’ದಂತೆ ಗ್ರೀಕರಲ್ಲೂ ಪದದ ಮುಂದೆ ‘ಅ’ ಸೇರಿದರೆ ಇಲ್ಲ ಎಂದರ್ಥ. ಹಾಗಾಗಿ ಅಕ್ರಸಿಯ ಎಂದರೆ ತನ್ನ ಮೇಲೆ ತನಗೇ ಅಧಿಕಾರ ಇಲ್ಲದ ಸ್ಥಿತಿ. ಇದಕ್ಕೆ ಎದುರಾದದ್ದು ‘ಎನ್‌ಕ್ರತೇಯ’, ಅಧಿಕಾರ ತನ್ನೊಳಗೇ ಇರುವುದು. ಸಾಕ್ರೆಟಿಸ್‌ನ ಶಿಷ್ಯ ಕ್ಸೆನೊಫೋನ್ ಬರೆದ ನೆನಪುಗಳಲ್ಲಿ, ಈ ಎನ್‌ಕ್ರತೇಯವೇ ಎಲ್ಲ ಸದ್ಗುಣಗಳ ಅಡಿಪಾಯ ಎಂದು ಗುರು ಹೇಳುತ್ತಾನೆ.

ಇನ್ನೊಂದು ಕೀಟಲೆಯ ಸಂಗತಿ. ಗ್ರೀಕಿನಲ್ಲಿ ಹೆಚ್ಚುಕಡಿಮೆ ಇದೇ ಉಚ್ಚಾರದ ಬೇರೆಯೇ ಪದವೊಂದಿತ್ತು. ಅದರ ಮೂಲ ಬೆರೆಸುವುದು ಎಂಬ ಕ್ರಿಯೆ. ಗ್ರೀಕರು ದ್ರಾಕ್ಷಾರಸಕ್ಕೆ ದೊಡ್ಡ ಪಾತ್ರೆಯಲ್ಲಿ ನೀರು ಬೆರೆಸಿಯೇ ಕುಡಿಯುತ್ತಿದ್ದರು. ನೀರು ಬೆರೆಸದೆ ಕುಡಿಯುವುದು ಒರಟರ ಲಕ್ಷಣವೆಂದು ಅವರ ಎಣಿಕೆ. ಬೆರಕೆ ಹದ ತಪ್ಪಿದ್ದಕ್ಕೂ ಅಕ್ರಸಿಯ ಎನ್ನುತ್ತಿದ್ದರು. ಮೂಲ ಬೇರೆಯಾದರೂ, ಹದ ತಪ್ಪಿದ ಪಾನ ಮತ್ತು ಹಿಡಿತ ತಪ್ಪಿದ ಮನುಷ್ಯ ಒಂದೇ ಸದ್ದಿನಲ್ಲಿ ಕೂಡಿದ್ದು ಮುಂದೆ ಕವಿಗಳಿಗೆ ಅನುಕೂಲವಾಯಿತು.

ಅಂಥದ್ದೊಂದು ಇಲ್ಲವೇ ಇಲ್ಲ ಎಂದ ಸಾಕ್ರೆಟಿಸ್

ಪದಕ್ಕೆ ತತ್ವಶಾಸ್ತ್ರದಲ್ಲಿ ಜಾಗ ಸಿಕ್ಕಿದ್ದು ಒಂದು ನಿರಾಕರಣೆಯಿಂದ. ಪ್ಲೇಟೋ ಬರೆದ ‘ಪ್ರೊಟಾಗೊರಾಸ್’ ಸಂವಾದದಲ್ಲಿ ಸಾಕ್ರೆಟಿಸ್ ಜನಸಾಮಾನ್ಯರ ಅಭಿಪ್ರಾಯವನ್ನು ಮುಂದಿಡುತ್ತಾನೆ: ಮನುಷ್ಯನಿಗೆ ತಿಳಿವಳಿಕೆ ಇದ್ದರೂ ಕೋಪ, ಸುಖ, ದುಃಖ, ಭಯಗಳು ಅದನ್ನು ಗುಲಾಮನಂತೆ ಎಳೆದಾಡುತ್ತವೆ. ಇದು ತಪ್ಪು, ನಿಜವಾಗಿ ಬಲ್ಲವನು ಬಲ್ಲದ್ದಕ್ಕೆ ವಿರುದ್ಧ ನಡೆಯುವುದೇ ಇಲ್ಲ ಎಂಬುದು ಅವನ ವಾದ. ಸುಖಕ್ಕೆ ಸೋತೆ ಎಂದು ಜನ ಹೇಳಿಕೊಳ್ಳುವುದು ಅವನ ಲೆಕ್ಕದಲ್ಲಿ ಬರೀ ಅಳತೆಯ ತಪ್ಪು.

ಅಳತೆಯ ತಪ್ಪು ಹೇಗೆ? ಹತ್ತಿರದ ವಸ್ತು ಕಣ್ಣಿಗೆ ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುತ್ತದಲ್ಲ, ಸುಖದುಃಖಗಳೂ ಹಾಗೆಯೇ. ಈಗಿನ ಸುಖ ದೊಡ್ಡದಾಗಿ ಕಾಣುತ್ತದೆ, ಮುಂದಿನ ನೋವು ಸಣ್ಣದಾಗಿ. ಸರಿಯಾಗಿ ಅಳೆಯುವ ವಿದ್ಯೆ ಕಲಿತವನು ಮೋಸ ಹೋಗುವುದಿಲ್ಲ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಪಾರಿವಾಳಗಳ ಪ್ರಯೋಗದ ಹೊತ್ತಿಗೆ ಬೇಕಾಗುತ್ತದೆ.

ಇಂದಿಗೂ ಸರ್ಕಾರಗಳು ಹೆಚ್ಚಾಗಿ ಸಾಕ್ರೆಟಿಸ್‌ನ ಪಕ್ಷದಲ್ಲಿವೆ ಎಂದು ನನಗನ್ನಿಸುತ್ತದೆ. ಭಾರತದಲ್ಲಿ 2016ರಿಂದ ಸಿಗರೇಟು ಪ್ಯಾಕಿನ ಶೇ 85ರಷ್ಟು ಭಾಗವನ್ನು ಭೀಕರ ಚಿತ್ರದ ಎಚ್ಚರಿಕೆ ಆಕ್ರಮಿಸಿದೆ. ತಿಳಿದರೆ ಬಿಡುತ್ತಾನೆ ಎಂಬ ನಂಬಿಕೆ ಅದರ ಹಿಂದಿದೆ. ಆ ಚಿತ್ರವನ್ನು ದಿಟ್ಟಿಸಿ ನೋಡಿ, ಪ್ಯಾಕ್ ತೆರೆದು, ಕಡ್ಡಿ ಗೀರುವವನ ಬಗ್ಗೆ ಏನು ಹೇಳಬೇಕು?

ಅವನಂಥವರ ವಕಾಲತ್ತನ್ನು ಅಥೆನ್ಸಿನ ರಂಗಭೂಮಿ ಆಗಲೇ ವಹಿಸಿತ್ತು. ಕ್ರಿ.ಪೂ. 431ರಲ್ಲಿ ಯೂರಿಪಿಡೀಸ್‌ನ ‘ಮೀಡಿಯಾ’ ನಾಟಕ ಅಲ್ಲಿ ಪ್ರದರ್ಶನಗೊಂಡಿತು. ತನ್ನನ್ನು ತೊರೆದ ಗಂಡನ ಮೇಲಿನ ಸೇಡಿಗಾಗಿ ಹೆತ್ತ ಮಕ್ಕಳನ್ನೇ ಕೊಲ್ಲಲು ಹೊರಟ ತಾಯಿ, ತಾನು ಮಾಡಲಿರುವುದು ಎಂಥ ಕೇಡೆಂದು ಬಲ್ಲೆ, ಆದರೆ ರೋಷ ತನ್ನ ವಿವೇಚನೆಗಿಂತ ಬಲಶಾಲಿ ಎಂದು ರಂಗದ ಮೇಲೆ ಬಾಯಿಬಿಟ್ಟು ಹೇಳುತ್ತಾಳೆ. ಸ್ಪರ್ಧೆಯಲ್ಲಿ ನಾಟಕಕ್ಕೆ ಸಿಕ್ಕಿದ್ದು ಕೊನೆಯ ಸ್ಥಾನ. ಆದರೆ ಆ ಮಾತನ್ನು ತತ್ವಜ್ಞಾನಿಗಳು ಶತಮಾನಗಟ್ಟಲೆ ಜಗಿದರು. ಸ್ಟೋಯಿಕ್ ಪಂಥದ ಕ್ರಿಸಿಪಸ್ ತನ್ನದೊಂದು ಗ್ರಂಥದಲ್ಲಿ ಆ ನಾಟಕವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಉದ್ಧರಿಸಿದ್ದನಂತೆ. ಆ ಗ್ರಂಥ ಹಿಡಿದಿದ್ದವನೊಬ್ಬ, ಅದೇನು ಎಂದು ಕೇಳಿದವರಿಗೆ, ‘ಕ್ರಿಸಿಪಸ್‌ನ ಮೀಡಿಯಾ’ ಎಂದುತ್ತರಿಸಿದನೆಂಬ ಹಾಸ್ಯವನ್ನು ಡಯೋಜಿನಿಸ್ ಲಯೆರ್ಟಿಯಸ್ ದಾಖಲಿಸಿದ್ದಾನೆ.

ನಾಲ್ಕು ಬಗೆಯ ಜನ

ಸಾಕ್ರೆಟಿಸ್‌ನ ವಾದ ಕಣ್ಣೆದುರಿನ ಸಂಗತಿಗೇ ಹೊಂದುವುದಿಲ್ಲ ಎಂದು ನೇರವಾಗಿ ಬರೆದವನು ಅರಿಸ್ಟಾಟಲ್. ಅವನ ‘ನಿಕೊಮೇಕಿಯನ್ ಎಥಿಕ್ಸ್’ ಹತ್ತು ಭಾಗಗಳ ಗ್ರಂಥ. ಏಳನೆಯ ಭಾಗದ ಬಹುಪಾಲು ಅಕ್ರಸಿಯಕ್ಕೇ ಮೀಸಲು. ಈ ವಿಷಯದ ಮೇಲೆ ಇಷ್ಟು ಸೂಕ್ಷ್ಮವಾಗಿ, ಇಷ್ಟು ತಮಾಷೆಯಾಗಿಯೂ ಬರೆದವರು ಅವನಿಗೆ ಮೊದಲು ಇರಲಿಲ್ಲ. ಆಮೇಲೆಯೂ ಹೆಚ್ಚು ಮಂದಿ ಸಿಗಲಾರರು.

ಹೋಳಿಗೆಯ ಪಂಕ್ತಿಯಲ್ಲೇ ಅವನ ವಿಂಗಡಣೆಯನ್ನು ನೋಡಬಹುದು. ಒಬ್ಬರಿಗೆ ಹೋಳಿಗೆ ಕಂಡರೂ ಆಸೆ ಹುಟ್ಟುವುದೇ ಇಲ್ಲ, ಇವರು ಸಂಯಮಿಗಳು. ಇನ್ನೊಬ್ಬರಿಗೆ ಬಾಯಲ್ಲಿ ನೀರೂರಿದರೂ ಕೈ ತೆಗೆಯುವುದಿಲ್ಲ, ಇವರದು ಎನ್‌ಕ್ರತೇಯ. ಮೂರನೆಯವರು ನಮ್ಮ ರಾಯರು, ಬೇಡವೆಂದು ತೀರ್ಮಾನಿಸಿಯೂ ತಿನ್ನುವವರು. ನಾಲ್ಕನೆಯವರು ತಿನ್ನಬೇಕು ಎಂದೇ ನಂಬಿ ತಿನ್ನುವವರು. ಈ ನಾಲ್ಕನೆಯವರಿಗೆ ಗ್ರೀಕಿನಲ್ಲಿದ್ದ ಪದದ ಮೂಲಾರ್ಥ ‘ದಂಡನೆ ಕಾಣದವನು’. ಹೊಡೆತ ಬೈಗುಳ ಕಾಣದೆ ಬೆಳೆದ ಮಕ್ಕಳ ಹಟಕ್ಕೂ ಅದೇ ಪದ ಎಂದು ಅರಿಸ್ಟಾಟಲ್ ಟಿಪ್ಪಣಿ ಮಾಡುತ್ತಾನೆ.

ಹೊರಗಿನಿಂದ ನೋಡಿದರೆ ಮೂರನೆಯವರೂ ನಾಲ್ಕನೆಯವರೂ ಒಂದೇ. ಇಬ್ಬರ ಎಲೆಯೂ ಖಾಲಿ. ಒಳಗಿನ ಅಂತರ ದೊಡ್ಡದು. ಅಕ್ರಸಿಯದವನಿಗೆ ಪಶ್ಚಾತ್ತಾಪ ಉಂಟು, ಆದ್ದರಿಂದ ಗುಣವಾಗುವ ದಾರಿಯೂ ಉಂಟು. ಅವನು ಒಳ್ಳೆಯ ಕಾನೂನುಗಳನ್ನೆಲ್ಲ ಮಾಡಿಟ್ಟುಕೊಂಡು ಒಂದನ್ನೂ ಜಾರಿಗೆ ತರದ ನಗರವಿದ್ದಂತೆ, ನಾಲ್ಕನೆಯವನು ಕೆಟ್ಟ ಕಾನೂನನ್ನು ಚಾಚೂ ತಪ್ಪದೆ ಪಾಲಿಸುವ ನಗರವಿದ್ದಂತೆ ಎನ್ನುತ್ತಾನೆ ಅರಿಸ್ಟಾಟಲ್. ಮೊದಲನೆಯ ಬಗೆಯ ನಗರ ಯಾವುದೆಂದು ನಮ್ಮಲ್ಲಿ ಯಾರೂ ಕಷ್ಟಪಟ್ಟು ಊಹಿಸಬೇಕಿಲ್ಲ. ಕೆಡುಕುತನ ಸದಾ ಕಾಡುವ ಕ್ಷಯದ ಹಾಗೆ, ಅಕ್ರಸಿಯ ಬಂದು ಹೋಗುವ ಮೂರ್ಛೆರೋಗದ ಹಾಗೆ ಎಂಬ ಭೇದವನ್ನೂ ವೈದ್ಯನ ಮಗನಾದ ಅವನು ಮಾಡುತ್ತಾನೆ.

ಹಾಗಾದರೆ ಆ ಗಳಿಗೆಯಲ್ಲಿ ತಿಳಿವಳಿಕೆ ಎಲ್ಲಿ ಹೋಗಿರುತ್ತದೆ? ತಿಳಿವಳಿಕೆ ಇರುವುದು ಬೇರೆ, ಅದು ಕೆಲಸ ಮಾಡುವುದು ಬೇರೆ ಎಂಬುದು ಅವನ ಉತ್ತರ. ನಿದ್ದೆಯಲ್ಲಿರುವ ಪಂಡಿತನಿಗೂ ಪಾಂಡಿತ್ಯ ಇದೆ. ಕುಡಿದವನೂ ದೊಡ್ಡ ಪದ್ಯಗಳನ್ನು ಒದರಬಲ್ಲ. ಹೊಸದಾಗಿ ಪಾಠ ಕಲಿತ ವಿದ್ಯಾರ್ಥಿ ವಾಕ್ಯಗಳನ್ನು ಸರಾಗವಾಗಿ ಪೋಣಿಸಿದರೂ ಅರ್ಥ ಇನ್ನೂ ಅವನ ಮೈಗೆ ಹತ್ತಿರುವುದಿಲ್ಲ, ಅದಕ್ಕೆ ಕಾಲ ಬೇಕು. ‘ನಾಳೆಯಿಂದ ಬಿಟ್ಟೆ’ ಎನ್ನುತ್ತಲೇ ಹೊಗೆ ಬಿಡುವವರ ಮಾತನ್ನು ಅರಿಸ್ಟಾಟಲ್ ಈ ಪಟ್ಟಿಗೇ ಸೇರಿಸುತ್ತಿದ್ದ.

ಕೋಪಕ್ಕೆ ರಿಯಾಯಿತಿ

ಎಲ್ಲ ಹಿಡಿತ ತಪ್ಪುವಿಕೆಯೂ ಅವನ ದೃಷ್ಟಿಯಲ್ಲಿ ಒಂದೇ ಅಲ್ಲ. ಕೋಪಕ್ಕೆ ಸೋಲುವುದು ಆಸೆಗೆ ಸೋಲುವುದಕ್ಕಿಂತ ಕಡಿಮೆ ನಾಚಿಕೆಗೇಡು. ಕೋಪ ವಿವೇಕದ ಮಾತನ್ನು ಅರ್ಧವಾದರೂ ಕೇಳಿಸಿಕೊಳ್ಳುತ್ತದೆ. ಯಜಮಾನ ಹೇಳಿ ಮುಗಿಸುವ ಮುಂಚೆಯೇ ಓಡಿಹೋಗಿ ತಪ್ಪು ಕೆಲಸ ಮಾಡಿಕೊಂಡು ಬರುವ ಅವಸರದ ಆಳಿನ ಹಾಗೆ ಅದು. ಬಂದವರು ನೆಂಟರೋ ಕಳ್ಳರೋ ನೋಡದೆ ಬಾಗಿಲ ಸದ್ದಿಗೇ ಬೊಗಳುವ ನಾಯಿಯ ಹಾಗೆ. ಆಸೆ ಅಷ್ಟನ್ನೂ ಕೇಳುವುದಿಲ್ಲ.

ಕೋಪ ಸಹಜ ಎನ್ನಲು ಅವನು ಹೇಳುವ ಕಥೆಯೊಂದಿದೆ. ತಂದೆಯನ್ನು ಹೊಡೆದ ಮಗನೊಬ್ಬ ತನ್ನ ಸಮರ್ಥನೆಗೆ, ಅಪ್ಪ ಅವನ ಅಪ್ಪನನ್ನು ಹೊಡೆಯುತ್ತಿದ್ದ, ನನ್ನ ಮಗನೂ ದೊಡ್ಡವನಾದ ಮೇಲೆ ನನ್ನನ್ನು ಹೊಡೆಯುತ್ತಾನೆ, ಇದು ವಂಶದಲ್ಲೇ ಬಂದದ್ದು ಎಂದನಂತೆ. ಮಗ ದರದರ ಎಳೆದುಕೊಂಡು ಹೋಗುತ್ತಿದ್ದಾಗ ಇನ್ನೊಬ್ಬ ಮುದುಕ, ಬಾಗಿಲ ಹತ್ತಿರ ನಿಲ್ಲಿಸು, ನಾನು ನನ್ನಪ್ಪನನ್ನು ಎಳೆದದ್ದು ಇಲ್ಲಿಯವರೆಗೆ ಮಾತ್ರ ಎಂದನಂತೆ.

ಆಸೆಗೆ ಸೋಲುವವರಲ್ಲೂ ಎರಡು ಬಗೆ. ಯೋಚಿಸುವ ಮೊದಲೇ ನುಗ್ಗುವವರು ಒಂದು. ಕೂತು ಯೋಚಿಸಿ, ಸರಿಯಾದ ತೀರ್ಮಾನಕ್ಕೇ ಬಂದು, ಆಮೇಲೆ ಅದರ ಮೇಲೆ ನಿಲ್ಲಲಾಗದವರು ಇನ್ನೊಂದು. ದುಡುಕುವವರೇ ವಾಸಿ, ಯೋಚಿಸಿ ಜಾರುವವರೇ ಹೆಚ್ಚು ದುರ್ಬಲರು ಎಂದು ಅರಿಸ್ಟಾಟಲ್ ತೀರ್ಪು ಕೊಡುತ್ತಾನೆ. ಓದುಬರಹದ ನಮ್ಮಂಥವರಿಗೆ ಸ್ವಲ್ಪ ಚುಚ್ಚುವ ತೀರ್ಪು.

ಧೃತರಾಷ್ಟ್ರನ ಬುದ್ಧಿ

ಯೋಚಿಸಿ ಜಾರುವವರಿಗೆ ಉದಾಹರಣೆ ಕೇಳಿದರೆ ನಾನು ಗ್ರೀಸಿನವರೆಗೆ ಹೋಗುವುದಿಲ್ಲ. ಮಹಾಭಾರತದ ಉದ್ಯೋಗಪರ್ವದಲ್ಲಿ ನಿದ್ದೆ ಬಾರದ ಧೃತರಾಷ್ಟ್ರ ರಾತ್ರಿಯಿಡೀ ವಿದುರನ ನೀತಿ ಕೇಳುತ್ತಾನೆ. ಒಂದು ಮಾತಿಗೂ ಅವನ ತಕರಾರಿಲ್ಲ. ಕೊನೆಯಲ್ಲಿ ಅವನು ಒಪ್ಪಿಕೊಳ್ಳುವ ಸಂಗತಿ ಇದು: ನೀನು ಹೇಳಿದ ಹಾಗೆ ನನ್ನ ಬುದ್ಧಿ ಪಾಂಡವರ ಕಡೆಗೇ ಇರುತ್ತದೆ, ದುರ್ಯೋಧನ ಎದುರಿಗೆ ಬಂದನೆಂದರೆ ಮತ್ತೆ ತಿರುಗಿಬಿಡುತ್ತದೆ. ಕುರುಡು ರಾಜನಿಗೆ ದೂರದ್ದೆಲ್ಲ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಹತ್ತಿರದ್ದು ಬಂದು ಅಡ್ಡ ನಿಂತದ್ದೇ ತೊಂದರೆ.

ಯುದ್ಧಭೂಮಿಯಲ್ಲಿ ಅರ್ಜುನ ಇದನ್ನು ಪ್ರಶ್ನೆಯಾಗಿಯೇ ಕೇಳುತ್ತಾನೆ. ಭಗವದ್ಗೀತೆಯ ಮೂರನೇ ಅಧ್ಯಾಯದಲ್ಲಿ, ಮನಸ್ಸಿಲ್ಲದಿದ್ದರೂ ಬಲವಂತದಿಂದ ನೂಕಿದಂತೆ ಮನುಷ್ಯ ಪಾಪ ಮಾಡುವುದು ಯಾವುದರ ಪ್ರೇರಣೆಯಿಂದ ಎಂಬುದು ಅವನ ಅನುಮಾನ. ಕಾಮ ಮತ್ತು ಕ್ರೋಧ ಎಂದು ಕೃಷ್ಣನ ಉತ್ತರ. ಅರಿಸ್ಟಾಟಲ್ ಬೇರೆ ಬೇರೆ ತಕ್ಕಡಿಯಲ್ಲಿ ತೂಗಿದ ಅದೇ ಎರಡು. ಆದರೆ ಕೃಷ್ಣ ಅವೆರಡನ್ನೂ ಒಂದೇ ಶತ್ರುವೆಂದು ಕಾಣುತ್ತಾನೆ, ಕೋಪಕ್ಕೆ ರಿಯಾಯಿತಿ ಕೊಡುವುದಿಲ್ಲ.

ಮಾಯಾವಿನಿಯಿಂದ ಆಸ್ಪತ್ರೆಯವರೆಗೆ

ಪದದ ಮುಂದಿನ ಪಯಣವನ್ನು ಬೇಗ ಹೇಳಿ ಮುಗಿಸಬಹುದು. ಬೈಬಲ್‌ನ ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಅಕ್ರಸಿಯ ಎರಡು ಕಡೆ ಬರುತ್ತದೆ. ಹದಿಮೂರನೇ ಶತಮಾನದಲ್ಲಿ ಇಂಗ್ಲೆಂಡಿನ ಬಿಷಪ್ ರಾಬರ್ಟ್ ಗ್ರೋಸ್‌ಟೆಸ್ಟ್ ಅರಿಸ್ಟಾಟಲ್‌ನ ಗ್ರಂಥವನ್ನು ಲ್ಯಾಟಿನ್ನಿಗೆ ತಂದಾಗ ಅದು ‘ಇನ್‌ಕಾಂಟಿನೆನ್ಷಿಯ’ ಆಯಿತು, ಹಿಡಿದಿಟ್ಟುಕೊಳ್ಳಲಾಗದಿರುವಿಕೆ ಎಂಬರ್ಥದಲ್ಲಿ. ಚರ್ಚಿನ ಪರಿಸರದಲ್ಲಿ ಅದು ಹೆಚ್ಚಾಗಿ ಕಾಮಕ್ಕೇ ಅಂಟಿಕೊಂಡಿತು. ಎಡ್ಮಂಡ್ ಸ್ಪೆನ್ಸರ್ 1590ರಲ್ಲಿ ಪ್ರಕಟಿಸಿದ ‘ಫೇರಿ ಕ್ವೀನ್’ ಕಾವ್ಯದಲ್ಲಿ ಅಕ್ರೇಸಿಯ ಎಂಬ ಮಾಯಾವಿನಿಯೇ ಇದ್ದಾಳೆ. ತನ್ನ ಸುಖೋದ್ಯಾನಕ್ಕೆ ಬಂದವರನ್ನು ಮೃಗಗಳನ್ನಾಗಿ ಮಾಡುವುದು ಅವಳ ಕೆಲಸ. ಲ್ಯಾಟಿನ್ ಪದದ ಇಂಗ್ಲಿಷ್ ರೂಪ ಇವತ್ತು ಬದುಕಿರುವುದು ಮುಖ್ಯವಾಗಿ ಆಸ್ಪತ್ರೆಯಲ್ಲಿ, ಮೂತ್ರ ತಡೆಯಲಾಗದ ರೋಗಿಗಳ ಚೀಟಿಯಲ್ಲಿ. ಹಾಗಾಗಿಯೇ ಇರಬೇಕು, ತತ್ವಶಾಸ್ತ್ರದವರು ಮುಜುಗರ ತಪ್ಪಿಸಿಕೊಂಡು ಗ್ರೀಕ್ ಪದಕ್ಕೇ ಹಿಂದಿರುಗಿದ್ದು.

ಹಿಂದಿರುಗಿದ ಮೇಲೆ ಪದದ ಮೇಲಿನ ಪಾಪದ ಕೊಳೆಯನ್ನು ತೊಳೆದವರಲ್ಲಿ ಅಮೆರಿಕದ ಡೊನಾಲ್ಡ್ ಡೇವಿಡ್‌ಸನ್ ಪ್ರಮುಖ. ಅವನ ಪ್ರಸಿದ್ಧ ಉದಾಹರಣೆ ಹೀಗಿದೆ. ದಣಿದು ಹಾಸಿಗೆ ಸೇರಿದ್ದೇನೆ. ಹಲ್ಲುಜ್ಜಿಲ್ಲವೆಂದು ಆಗ ನೆನಪಾಗುತ್ತದೆ. ಒಂದು ದಿನ ಬಿಟ್ಟರೆ ಏನೂ ಆಗದು, ಎದ್ದರೆ ನಿದ್ದೆ ಹಾಳು, ಮಲಗಿರುವುದೇ ಸರಿ ಎಂದು ತೀರ್ಮಾನಿಸುತ್ತೇನೆ. ಆದರೂ ಎದ್ದು ಹೋಗಿ ಹಲ್ಲುಜ್ಜುತ್ತೇನೆ. ಇದೂ ಅಕ್ರಸಿಯವೇ! ತನ್ನದೇ ತೀರ್ಮಾನಕ್ಕೆ ಎದುರಾಗಿ ನಡೆದರೆ ಸಾಕು, ಸೋತದ್ದು ಸುಖಕ್ಕೇ ಆಗಬೇಕಿಲ್ಲ, ಕರ್ತವ್ಯದ ಅಭ್ಯಾಸಕ್ಕೂ ಸೋಲಬಹುದು.

ಮಾರ್ಕ್ ಟ್ವೇನ್‌ನ ಹಕಲ್‌ಬರಿ ಫಿನ್ ಇನ್ನೂ ದೊಡ್ಡ ಉದಾಹರಣೆ. ಓಡಿಬಂದ ಗುಲಾಮ ಜಿಮ್‌ನನ್ನು ಹಿಡಿದುಕೊಡುವುದೇ ಧರ್ಮ ಎಂದು ಆ ಹುಡುಗ ಮನಸಾರೆ ನಂಬಿದ್ದಾನೆ, ಕಲಿಸಿದವರೆಲ್ಲ ಹಾಗೇ ಕಲಿಸಿದ್ದಾರೆ. ಹಿಡಿದುಕೊಡಲು ಮಾತ್ರ ಅವನಿಂದ ಆಗುವುದಿಲ್ಲ. ಮನಸ್ಸಿನ ಮೇಲೆ ಹಿಡಿತವಿದ್ದಿದ್ದರೆ ಅವನೊಬ್ಬ ದ್ರೋಹಿಯಾಗುತ್ತಿದ್ದ.

ಪಾರಿವಾಳಗಳ ಸಾಕ್ಷ್ಯ

ಈಗ ಸಾಕ್ರೆಟಿಸ್‌ನ ಅಳತೆಯ ಮಾತಿಗೆ ಬರೋಣ. 1970ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಜಾರ್ಜ್ ಏನ್ಸ್‌ಲಿ ಪಾರಿವಾಳಗಳ ಮುಂದೆ ಎರಡು ಆಯ್ಕೆ ಇಟ್ಟರು: ಈಗಲೇ ಸ್ವಲ್ಪ ಕಾಳು, ತುಸು ತಡೆದರೆ ಹೆಚ್ಚು ಕಾಳು. ಸ್ವಲ್ಪ ಕಾಳು ಕಣ್ಣೆದುರು ಇದ್ದಾಗ ಪಾರಿವಾಳಗಳು ಅದಕ್ಕೇ ಮುಗಿಬಿದ್ದವು. ಎರಡೂ ದೂರದಲ್ಲಿದ್ದಾಗ ಹೆಚ್ಚಿನದೇ ಬೇಕೆನಿಸುತ್ತದೆ, ಚಿಕ್ಕದು ಸಮೀಪಿಸಿದ ಕೂಡಲೇ ಮನಸ್ಸು ತಿರುಗುತ್ತದೆ. ಕಾಯಬೇಕಾದ ಹೊತ್ತಿನ ಮೇಲೆ ಸುಖದ ಬೆಲೆ ಹೇಗೆ ಕುಸಿಯುತ್ತದೆ ಎಂದು ಗೆರೆ ಎಳೆದರೆ, ಕೊನೆಯ ಗಳಿಗೆಯಲ್ಲಿ ಅದು ಕಡಿದಾಗಿ ಏರುತ್ತದೆ. ಏನ್ಸ್‌ಲಿ 1975ರ ಪ್ರಬಂಧದಲ್ಲಿ ಮನುಷ್ಯರ ವಿಷಯದಲ್ಲೂ ಇದನ್ನೇ ವಾದಿಸಿದರು. ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ ಎಂದ ಸಾಕ್ರೆಟಿಸ್ ಅಷ್ಟರ ಮಟ್ಟಿಗೆ ಸರಿ. ಅಳತೆ ಕಲಿತರೆ ಸಾಕು ಎಂದದ್ದರಲ್ಲಿ ಎಡವಿದ.

ಅದೇ ಪ್ರಯೋಗಗಳಲ್ಲಿ ಇನ್ನೊಂದು ವಿಸ್ಮಯವೂ ಇತ್ತು. ಮುಂಚೆಯೇ ಕುಕ್ಕಿದರೆ, ಆಮೇಲೆ ಬರಲಿರುವ ಸಣ್ಣ ಆಮಿಷ ಬರದ ಹಾಗೆ ಮಾಡುವ ಗುಂಡಿಯೊಂದನ್ನು ಇಟ್ಟಿದ್ದರು. ಕೆಲವು ಪಾರಿವಾಳಗಳು ಅದನ್ನು ಕುಕ್ಕಲು ಕಲಿತವು, ಆಸೆ ಹುಟ್ಟುವ ಮುಂಚೆಯೇ ಬಾಗಿಲು ಮುಚ್ಚಿದವು. ಹೋಮರನ ಒಡಿಸ್ಯೂಸ್ ಮಾಡಿದ್ದೂ ಇದನ್ನೇ. ಸೈರನ್‌ಗಳ ಗಾನಕ್ಕೆ ತಾನು ಸೋಲುತ್ತೇನೆಂದು ಬಲ್ಲ ಅವನು ಹಡಗಿನ ಕಂಬಕ್ಕೆ ತನ್ನನ್ನು ಕಟ್ಟಿಸಿಕೊಂಡ; ಆಗ ಬಿಚ್ಚು ಎಂದರೆ ಇನ್ನೂ ಬಿಗಿಯಿರಿ ಎಂದು ಮೊದಲೇ ಆಜ್ಞೆ ಮಾಡಿದ.

ಕಂಬ ಎಲ್ಲಿದೆ?

ಮನಸ್ಸಿನ ಬಲವನ್ನು ನೆಚ್ಚಿಕೊಂಡವರ ಗತಿಯನ್ನು ಅಮೆರಿಕದ ಜಿಮ್‌ಗಳ ಲೆಕ್ಕ ಹೇಳುತ್ತದೆ. ಸ್ಟೆಫಾನೊ ಡೆಲ್ಲವಿನ್ಯ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಒಂದೊಂದು ಭೇಟಿಗೆ ಹತ್ತು ಡಾಲರ್ ಕೊಟ್ಟು ಹೋಗಬಹುದಾಗಿದ್ದವರು ತಿಂಗಳ ಸದಸ್ಯತ್ವ ಕಟ್ಟಿ, ಅಪರೂಪಕ್ಕೆ ಹೋಗಿ, ಒಂದು ಭೇಟಿಗೆ ಹದಿನೇಳು ಡಾಲರ್‌ಗಿಂತ ಹೆಚ್ಚು ತೆತ್ತಿದ್ದರು. ನಾಳೆಯ ನಾನು ಇವತ್ತಿನ ನನಗಿಂತ ಒಳ್ಳೆಯವನು ಎಂಬ ನಂಬಿಕೆಗೆ ತೆತ್ತ ದಂಡ ಅದು.

ಇದನ್ನೇ ತಿರುಗಿಸಿ ಬಳಸಿದವರು ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಸಿ. ಈಗ ಉಳಿಸಿ ಎಂದರೆ ಯಾರೂ ಉಳಿಸುವುದಿಲ್ಲ, ಮುಂದೆ ಸಂಬಳ ಏರಿದಾಗ ಉಳಿತಾಯವೂ ತಾನಾಗಿ ಏರಲಿ ಎಂದು ಇವತ್ತೇ ಸಹಿ ಹಾಕಿ ಎಂದರೆ ಒಪ್ಪುತ್ತಾರೆ. ಅವರ ಯೋಜನೆ ಮೊದಲು ಜಾರಿಯಾದ ಸಂಸ್ಥೆಯಲ್ಲಿ ಸೇರಿಕೊಂಡವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ 3.5ರಿಂದ 13.6ಕ್ಕೆ ಏರಿತು. ನಮ್ಮ ಬೀದಿಗಳ ಹೆಂಗಸರು ಇಂಥ ಕಂಬವನ್ನು ಬಹಳ ಹಿಂದೆಯೇ ನೆಟ್ಟಿದ್ದರು. ಬಡ್ಡಿಯ ಲೆಕ್ಕಕ್ಕಿಂತ, ತಿಂಗಳ ಮೊದಲ ವಾರ ನೆರೆಯವರೆದುರು ದುಡ್ಡು ಹಾಕಲೇಬೇಕೆಂಬ ಕಟ್ಟುಪಾಡಿಗಾಗಿಯೇ ಚೀಟಿ ಸೇರುವವರು ಎಷ್ಟೋ ಮಂದಿ.

ಆದರೆ ಹಿಡಿತ ಇಲ್ಲದವರೆಂದು ಯಾರನ್ನಾದರೂ ಕರೆಯುವ ಮುಂಚೆ ತಡೆಯಬೇಕಾದ ಕಾರಣವೂ ಒಂದಿದೆ. ಈಗ ತಿನ್ನದೆ ಕಾದರೆ ಎರಡು ಮಿಠಾಯಿ ಎಂದು ಮಕ್ಕಳ ಮುಂದೆ ಒಂದು ಮಾರ್ಷ್‌ಮೆಲೊ ಇಟ್ಟ ಸ್ಟ್ಯಾನ್‌ಫರ್ಡಿನ ವಾಲ್ಟರ್ ಮಿಶೆಲ್ ಅವರ ಪ್ರಯೋಗವನ್ನು ಬಹುತೇಕ ಓದುಗರು ಕೇಳಿರುತ್ತಾರೆ. ಕಾದ ಮಕ್ಕಳೇ ಮುಂದೆ ಜಾಣರಾದರು ಎಂಬ ಭಾಗ ಶಾಲೆಯ ಭಾಷಣಗಳವರೆಗೂ ಬಂದಿದೆ. 2018ರಲ್ಲಿ ಒಂಬೈನೂರಕ್ಕೂ ಹೆಚ್ಚು ಮಕ್ಕಳ ಮಾಹಿತಿಯಿಂದ ಮರುಪರಿಶೀಲಿಸಿದಾಗ ಆ ನಂಟು ಮೊದಲು ಹೇಳಿದ್ದರ ಅರ್ಧದಷ್ಟಕ್ಕೆ ಇಳಿಯಿತು. ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ಹಿಡಿದಾಗ ಅದರಲ್ಲೂ ಬಹುಪಾಲು ಕರಗಿತು. ಅದಕ್ಕೂ ಮುಂಚೆ 2013ರಲ್ಲಿ ರಾಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು, ಕೊಟ್ಟ ಮಾತಿಗೆ ತಪ್ಪಿದ ದೊಡ್ಡವರನ್ನು ಕಂಡ ಮಕ್ಕಳು ಸರಾಸರಿ ಮೂರು ನಿಮಿಷ, ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಹನ್ನೆರಡು ನಿಮಿಷ ಕಾದರೆಂದು ತೋರಿಸಿದ್ದರು. ಎರಡನೆಯ ಮಿಠಾಯಿ ಬರುವ ಭರವಸೆಯೇ ಇಲ್ಲದಿದ್ದರೆ ಮೊದಲನೆಯದನ್ನು ಗಬಕ್ಕನೆ ತಿಂದ ಮಗು ಲೆಕ್ಕ ತಪ್ಪಿಲ್ಲ. ಅದನ್ನು ಅಕ್ರಸಿಯ ಎನ್ನಲು ಬರುವುದಿಲ್ಲ.

ಚೆನ್ನೈಯಲ್ಲಿ ಸೈಕಲ್ ರಿಕ್ಷಾ ತುಳಿಯುವವರ ನಡುವೆ ಅರ್ಥಶಾಸ್ತ್ರಜ್ಞ ಫ್ರಾಂಕ್ ಶಿಲ್ಬಾಕ್ ನಡೆಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ದಿನವಿಡೀ ಮೈ ನೋಯುವ ದುಡಿಮೆ, ನೋವು ಮರೆಯಲು ಕುಡಿತ. ಹಗಲು ಕುಡಿಯದೆ ಬಂದರೆ ಮಾತ್ರ ಹಣ ಕೊಡುವ ಆಯ್ಕೆಯನ್ನೂ, ಷರತ್ತೇ ಇಲ್ಲದೆ ಹಣ ಕೊಡುವ ಆಯ್ಕೆಯನ್ನೂ ಅವರ ಮುಂದಿಡಲಾಯಿತು. ಷರತ್ತಿಲ್ಲದ ಹಣ ಇರುವಾಗ ಇನ್ನೊಂದನ್ನು ಯಾರು ಕೇಳುತ್ತಾರೆ? ಗಣನೀಯ ಸಂಖ್ಯೆಯ ಚಾಲಕರು ಕೇಳಿದರು, ಕೈಗೆ ಬರುವ ದುಡ್ಡು ಕಡಿಮೆಯಾದರೂ ಚಿಂತೆಯಿಲ್ಲ, ಷರತ್ತಿನದೇ ಇರಲಿ ಎಂದರು.